ಮೆಕ್ಕೆಜೋಳದ ಬೆಲೆ: ಮನವಿ ಯಾರ ಬಾಗಿಲಿಗೆ?

ಮಾನ್ಯ ಸಂಪಾದಕರೇ,

ಮೆಕ್ಕೆಜೋಳದ ದರ ಬೆಂಬಲ ಬೆಲೆಗಿಂತ ಕೆಳಗಿಳಿದಾಗಲೆಲ್ಲ ದಾವಣಗೆರೆಯಲ್ಲಿ ಜಿಲ್ಲಾಧಿಕಾರಿ ಕಚೇರಿಗೊಂದು ಮನವಿ ಪತ್ರ ಹೋಗುತ್ತದೆ. ರಾಜ್ಯದವರು ದೆಹಲಿಯತ್ತ ಕೈ ತೋರಿಸುತ್ತಾರೆ; ದೆಹಲಿಯವರು ‘ಕೃಷಿ ರಾಜ್ಯದ ವಿಷಯ’ ಎನ್ನುತ್ತಾರೆ. ಇಬ್ಬರದೂ ಅರ್ಧ ನಿಜ. ಉಳಿದರ್ಧ ತಿಳಿಯದೆ ಬರೆದ ಮನವಿಗೆ ಸ್ವೀಕೃತಿ ಮುದ್ರೆ ಬೀಳುತ್ತದೆ, ಅಷ್ಟೇ.

ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಕೃಷಿ 14ನೇ ನಮೂದು, ಮಾರುಕಟ್ಟೆ-ಸಂತೆ 28ನೆಯದು. ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ) ಹೀಗಾಗಿ ರಾಜ್ಯದ ಕೈಯಲ್ಲಿದೆ. ಆದರೆ 1954ರ 3ನೇ ತಿದ್ದುಪಡಿ ಆಹಾರ ಪದಾರ್ಥಗಳ ವ್ಯಾಪಾರ, ಪೂರೈಕೆಗಳನ್ನು ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯ 33ನೇ ನಮೂದಿಗೆ ಸೇರಿಸಿತು. 2020ರ ಕೃಷಿ ಕಾಯ್ದೆಗಳಿಗೆ ಕೇಂದ್ರ ಹಿಡಿದ ಎಳೆ ಅದೇ. ಆಮದು, ರಫ್ತು, ಸುಂಕ ಪೂರ್ತಿ ಕೇಂದ್ರ ಪಟ್ಟಿಯವು.

ಬೆಂಬಲ ಬೆಲೆ ಎಂಬ ಹೆಸರು ಮಾತ್ರ ಈ ಮೂರೂ ಪಟ್ಟಿಗಳಲ್ಲಿಲ್ಲ. ಅದಕ್ಕೆ ಕಾಯ್ದೆಯ ಬಲವೂ ಇಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಘೋಷಿಸುತ್ತದೆ. ಮೆಕ್ಕೆಜೋಳಕ್ಕೆ 2025-26ರಲ್ಲಿ ಕ್ವಿಂಟಲ್‌ಗೆ 2,400 ರೂಪಾಯಿ ಘೋಷಣೆಯಾಯಿತು. ಘೋಷಿಸಿದ ಮಾತ್ರಕ್ಕೆ ಕೊಳ್ಳಲೇಬೇಕಾದ ಹೊಣೆ ಯಾರ ಹೆಗಲಿಗೂ ಬೀಳುವುದಿಲ್ಲ.

ಗಂಟಿರುವುದು ಖರೀದಿಯಲ್ಲಿ. ತೊಗರಿ, ಕಡಲೆ, ಶೇಂಗಾ ದರ ಬಿದ್ದಾಗ ನಾಫೆಡ್ ಎಂಬ ರಾಷ್ಟ್ರೀಯ ಸಹಕಾರಿ ಮಾರಾಟ ಮಹಾಮಂಡಳದ ಮೂಲಕ ಕೊಳ್ಳುವ ಕೇಂದ್ರದ ಯೋಜನೆಯಿದೆ; ಅದು ದ್ವಿದಳ ಧಾನ್ಯ, ಎಣ್ಣೆಕಾಳು, ಕೊಬ್ಬರಿಗೆ ಮೀಸಲು. ಮೆಕ್ಕೆಜೋಳ ಒರಟು ಧಾನ್ಯಗಳ ಗುಂಪಿನದು. ಅದನ್ನು ಕೊಳ್ಳಲು ರಾಜ್ಯ ಮೊದಲು ಖರೀದಿ ಯೋಜನೆ ಕಳುಹಿಸಿ ಕೇಂದ್ರದ ಒಪ್ಪಿಗೆ ಪಡೆಯಬೇಕು, ಕೊಂಡದ್ದನ್ನು ನಿಗದಿತ ಅವಧಿಯೊಳಗೆ ಪಡಿತರದಲ್ಲಿ ಹಂಚಬೇಕು. ರಾಗಿ, ಬಿಳಿಜೋಳಕ್ಕೆ ಈ ಲೆಕ್ಕ ಕೂಡಿಬರುತ್ತದೆ. ಮೆಕ್ಕೆಜೋಳ ನಮ್ಮಲ್ಲಿ ಕೋಳಿಯ ಮೇವು. ರೇಷನ್ ಅಂಗಡಿಯಲ್ಲಿ ಅದನ್ನು ಯಾರು ಒಯ್ಯುತ್ತಾರೆ? ‘ಖರೀದಿ ಕೇಂದ್ರ ತೆರೆಯಿರಿ’ ಎಂದಷ್ಟೇ ಬರೆದರೆ ಕಡತ ಇಲ್ಲಿಗೆ ಬಂದು ನಿಲ್ಲುತ್ತದೆ.

ಇನ್ನೊಂದು ದಾರಿ, ಮೆಕ್ಕೆಜೋಳದಿಂದಲೂ ತೆಗೆದು ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್. ಅದರ ದರ (ಮೆಕ್ಕೆಜೋಳದ್ದಕ್ಕೆ ಲೀಟರ್‌ಗೆ 71.86 ರೂಪಾಯಿ ನಿಗದಿಯಾಗಿದೆ) ಮತ್ತು ಯಾವ ಕಾರ್ಖಾನೆಯಿಂದ ಎಷ್ಟು ಲೀಟರ್ ಎಂಬ ಹಂಚಿಕೆ ಕೇಂದ್ರದ ತೈಲ ಕಂಪನಿಗಳ ಮೂಲಕ ನಡೆಯುತ್ತದೆ. ಆದರೆ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಕೈಗಾರಿಕಾ ಮದ್ಯಸಾರವೂ ರಾಜ್ಯ ಪಟ್ಟಿಯ 8ನೇ ನಮೂದಿಗೆ ಸೇರುತ್ತದೆ ಎಂದಿತು. ಡಿಸ್ಟಿಲರಿಗಳ ಪರವಾನಗಿಗೆ ಸ್ಥಳೀಯ ಖರೀದಿಯ ಷರತ್ತು ಹಾಕಲು ರಾಜ್ಯಕ್ಕೆ ಇದರಿಂದ ದಾರಿ ತೆರೆದಿದೆ ಎಂಬುದು ನಮ್ಮ ತಿಳುವಳಿಕೆ.

ಹಾಗಾಗಿ ಮನವಿ ಎರಡಾಗಲಿ. ದೆಹಲಿಗೆ: ಎಥೆನಾಲ್ ಹಂಚಿಕೆ ಹೆಚ್ಚಿಸಿ, ನಾಫೆಡ್ ಖರೀದಿಗೆ ಮೆಕ್ಕೆಜೋಳವನ್ನೂ ಸೇರಿಸಿ, 2024ರ ಜೂನ್‌ನಲ್ಲಿ ಮಾಡಿದಂತೆ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನು ಶೇ 15ರ ಕಡಿಮೆ ಸುಂಕದಲ್ಲಿ ಹೊರದೇಶದಿಂದ ತರಿಸುವುದಾದರೆ ಸುಗ್ಗಿಯ ತಿಂಗಳು ಬಿಟ್ಟು ತರಿಸಿ. ಬೆಂಗಳೂರಿಗೆ: ಆವರ್ತ ನಿಧಿಯಿಂದ (ಬೆಲೆ ಬಿದ್ದಾಗ ಕೊಳ್ಳಲು ರಾಜ್ಯ ಇಟ್ಟ ಹಣ) ಖರೀದಿಗೆ ಹಣ, ಎಪಿಎಂಸಿ ಪ್ರಾಂಗಣದಲ್ಲಿ ಒಣಗಿಸುವ ಯಂತ್ರ, ತೇವಾಂಶ ಅಳೆಯುವ ಮೀಟರ್.

ಕೊನೆಯ ಎರಡನ್ನು ಯಾರೂ ಕೇಳುವುದೇ ಇಲ್ಲ. ಖರೀದಿಗೆ ತೇವಾಂಶ ಶೇ 14 ಮೀರಬಾರದು. ಶೇ 20 ತೇವಾಂಶದ 10 ಕ್ವಿಂಟಲ್ ಕಾಳು ಶೇ 14ಕ್ಕೆ ಒಣಗಿದರೆ ಉಳಿಯುವುದು 9 ಕ್ವಿಂಟಲ್ 30 ಕೆ.ಜಿ. ವ್ಯಾಪಾರಿ ಈ 70 ಕೆ.ಜಿ. ನೀರನ್ನಷ್ಟೇ ಕಳೆದರೆ ತಕರಾರಿಲ್ಲ. ಕೈಯಲ್ಲಿ ಕಾಳು ಹಿಡಿದು, ಹಲ್ಲಲ್ಲಿ ಕಚ್ಚಿ ದರ ಹೇಳಿದಾಗ ಎಷ್ಟು ಕಳೆದನೆಂದು ಗೊತ್ತಾಗುವುದಿಲ್ಲ. ಪ್ರತಿ ರಾಶಿಗೆ ಮೀಟರ್ ಇಟ್ಟು ಅಳೆದು ಚೀಟಿಯಲ್ಲಿ ಬರೆಸಲು ದೆಹಲಿಯ ಅಪ್ಪಣೆ ಬೇಕಿಲ್ಲ.

– ಓದುಗರು, ದಾವಣಗೆರೆ