ಮಗಳಿಗೊಂದು ಪತ್ರ: ಸಿಂಗಪುರದ ಶಾಲೆ, ಚೀನೀ ಪಾಠ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಮೊಮ್ಮಗಳನ್ನು ಸಿಂಗಪುರದಲ್ಲಿ ಯಾವ ಶಾಲೆಗೆ ಸೇರಿಸುವುದು ಅಂತ ನೀನು ಕಳಿಸಿದ ಮೂರೂ ಶಾಲೆಗಳ ಬ್ರೋಷರ್ ನೋಡಿದೆ. ಮೂರರಲ್ಲೂ ‘ಮ್ಯಾಂಡರಿನ್ ಕಲಿಸುತ್ತೇವೆ’ ಅಂತಿದೆ, ಅಂದರೆ ಚೀನೀ ಭಾಷೆ. ಅಷ್ಟರಿಂದ ಏನೂ ತಿಳಿಯುವುದಿಲ್ಲ. ವಾರಕ್ಕೆ ಎಷ್ಟು ನಿಮಿಷ ಅಂತ ಮೊದಲು ಕೇಳು. 40 ನಿಮಿಷದ ಎರಡು ಪೀರಿಯಡ್ ಅಂದರೆ 36 ವಾರದ ಶಾಲಾ ವರ್ಷಕ್ಕೆ 48 ಗಂಟೆ. ದಿನಕ್ಕೊಂದು ಪೀರಿಯಡ್ ಇದ್ದರೆ 120 ಗಂಟೆ. ವಾರಕ್ಕೆರಡೇ ಆದರೆ ಹಾಡು, ಹಬ್ಬ, ಬಣ್ಣದ ಹೆಸರುಗಳಲ್ಲೇ ವರ್ಷ ಮುಗಿಯುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಮಗುವನ್ನು ಯಾವ ಗುಂಪಿಗೆ ಹಾಕುತ್ತಾರೆ? ಮನೆಯಲ್ಲಿ ಚೀನೀ ಮಾತಾಡುವ ಮಕ್ಕಳ ಗುಂಪಿಗೆ ಹಾಕಿದರೆ ಅವಳು ಬಾಯಿಬಿಡದೆ ಕೂರುತ್ತಾಳೆ. ಹೊಸಬರ ಗುಂಪಿನಲ್ಲಿ ಬೇರೆ ತೊಂದರೆ ಇದೆ. ಅಂತರರಾಷ್ಟ್ರೀಯ ಶಾಲೆಗಳಲ್ಲಿ ವರ್ಷ ವರ್ಷವೂ ಒಂದಷ್ಟು ಕುಟುಂಬ ಊರು ಬಿಡುತ್ತವೆ, ಒಂದಷ್ಟು ಬರುತ್ತವೆ. ಬಂದವರಿಗಾಗಿ ಪಾಠ ಮತ್ತೆ ‘ನೀ ಹಾವ್’ (ನಮಸ್ಕಾರ) ಅನ್ನುವುದರಿಂದಲೇ ಶುರು. ಮೂರು ವರ್ಷ ಕಲಿತ ಮಗು ಮೊದಲ ಪುಸ್ತಕದಲ್ಲೇ ಉಳಿಯುವುದು ಹೀಗೆ. ಒಂದು ವರ್ಷ ಕಲಿತವರು, ಎರಡು ವರ್ಷ ಕಲಿತವರು ಬೇರೆ ಬೇರೆ ಕೂರುತ್ತಾರಾ, ಮಧ್ಯದಲ್ಲಿ ಗುಂಪು ಬದಲಿಸಲು ಪರೀಕ್ಷೆ ಇದೆಯಾ ಅಂತ ಖಚಿತ ಮಾಡಿಕೋ.

ದಾರಿ ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನೂ ಕೇಳು. ಐಬಿ ಡಿಪ್ಲೊಮಾದಲ್ಲಿ, ಅಂದರೆ ಅಂತರರಾಷ್ಟ್ರೀಯ ಶಾಲೆಗಳ ಕೊನೆಯ ಎರಡು ವರ್ಷದ ಕೋರ್ಸಿನಲ್ಲಿ, ‘ಆಬ್ ಇನಿಷಿಯೊ’ ಇರುವುದು ಭಾಷೆಯೇ ಗೊತ್ತಿಲ್ಲದವರಿಗೆ. ಅದರ ಮೇಲೆ, ಸ್ವಲ್ಪ ಕಲಿತವರಿಗೆ, ‘ಲ್ಯಾಂಗ್ವೇಜ್ ಬಿ’; ಅದರಲ್ಲಿ ಮೇಲಿನ ಹಂತ ‘ಹೈಯರ್’. ಏಳನೇ ವಯಸ್ಸಿಗೆ ಶುರು ಮಾಡಿದ ಮಗು ಹದಿನಾರಕ್ಕೆ ಆಬ್ ಇನಿಷಿಯೊ ತೆಗೆದುಕೊಳ್ಳುವಂತಾದರೆ ಅಷ್ಟು ವರ್ಷದ ಪಾಠ ಗಟ್ಟಿಯಾಗಿರಲಿಲ್ಲ ಅಂತಲೇ ಅರ್ಥ. ‘ನಿಮ್ಮಲ್ಲಿ ಸೊನ್ನೆಯಿಂದ ಕಲಿತ ಎಷ್ಟು ಮಕ್ಕಳು ಬಿ ಹೈಯರ್ ಬರೆದರು?’ ಎಂದು ನೇರವಾಗಿ ಕೇಳು. ಒಳ್ಳೆಯ ಶಾಲೆ ಲೆಕ್ಕ ಕೊಡುತ್ತದೆ.

ದ್ವಿಭಾಷಾ ತರಗತಿ ಇದ್ದರೆ ಯಾವ ವಿಷಯ ಚೀನಿಯಲ್ಲಿ ಅಂತ ನೋಡು. ಗಣಿತವೂ ಚೀನಿಯಲ್ಲೇ ಆದರೆ ಮನೆಪಾಠಕ್ಕೆ ನಿಮ್ಮಿಬ್ಬರಿಂದ ಸಹಾಯವಾಗದು. ಎರಡೇ ವರ್ಷಕ್ಕೆ ವರ್ಗವಾಗುವ ಸಂಭವವಿದ್ದರೆ ನಾನು ಅದನ್ನು ಬೇಡ ಅನ್ನುತ್ತೇನೆ.

ಲಿಪಿಯ ವಿಚಾರ. ಸಿಂಗಪುರದಲ್ಲಿ ಬಳಸುವುದು ಸರಳೀಕೃತ ಲಿಪಿ, ಉಚ್ಚಾರಣೆಗೆ ಪಿನ್ಯಿನ್, ಅಂದರೆ ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ. ಹಾಂಗ್‌ಕಾಂಗ್, ತೈವಾನ್‌ನಲ್ಲಿ ಹಳೆಯ ಲಿಪಿ. ಕುದುರೆ ಅನ್ನುವ ಅಕ್ಷರಕ್ಕೆ ಇಲ್ಲಿ 3 ಗೆರೆ, ಅಲ್ಲಿ 10. ಮುಂದಿನ ಪೋಸ್ಟಿಂಗ್ ಎಲ್ಲಿ ಅಂತ ಅಳಿಯಂದಿರನ್ನು ಕೇಳಿಟ್ಟುಕೋ. ಶಾಲೆಗೆ ಹೋದಾಗ ಮಕ್ಕಳ ಚೌಕದ ನೋಟ್‌ಬುಕ್ ತೆರೆಸಿ ನೋಡು. ಟ್ಯಾಬ್‌ನಲ್ಲಿ ಪಿನ್ಯಿನ್ ಟೈಪ್ ಮಾಡಿ ಅಕ್ಷರ ಆರಿಸುವ ಮಕ್ಕಳು ಓದುತ್ತಾರೆ, ಪೆನ್ಸಿಲ್ ಕೊಟ್ಟರೆ ಬರೆಯಲಾರರು.

ಒಂದು ವಿಷಯದಲ್ಲಿ ನಮ್ಮ ವರ್ಣಮಾಲೆ ಅವಳ ಕೈ ಹಿಡಿಯುತ್ತದೆ. ಪಿನ್ಯಿನ್‌ನ ಬಿ, ಡಿ, ಜಿ ಅಕ್ಷರಗಳನ್ನು ಇಂಗ್ಲಿಷಿನ ಹಾಗೆ ಓದಿದರೆ ತಪ್ಪು. ಅವು ಹೆಚ್ಚುಕಡಿಮೆ ನಮ್ಮ ಪ, ತ, ಕ. ಪಿ, ಟಿ, ಕೆ ಅಂದರೆ ಉಸಿರು ಒತ್ತಿ ಹೇಳುವ ಮಹಾಪ್ರಾಣಗಳು. ಈಗಲೇ ಕ–ಖ, ತ–ಥ, ಪ–ಫ ಬಿಡಿಸಿ ಹೇಳಿಸು. ಫ ಅನ್ನುವಾಗ ಹಲ್ಲು ತುಟಿಗೆ ತಾಗಬಾರದು. ಚೀನೀ ಮಾತಿನ ನಾಲ್ಕು ಸ್ವರಗಳು (ದನಿಯ ಏರಿಳಿತ, ಅ-ಆ ಅಲ್ಲ) ಮಾತ್ರ ಶಿಕ್ಷಕರಿಂದಲೇ ಬರಬೇಕು. ‘ಮಾ’ ಅನ್ನುವುದೇ ಏರಿಳಿತ ಬದಲಾದರೆ ಅಮ್ಮ, ಸೆಣಬು, ಕುದುರೆ, ಬೈಗುಳ. ಮೊದಲ ಆರು ತಿಂಗಳು ತಿದ್ದದೆ ಬಿಟ್ಟರೆ ಆಮೇಲೆ ತಿದ್ದುವುದು ಬಲು ಕಷ್ಟ.

ಶುಲ್ಕದ ಪಟ್ಟಿಯಲ್ಲಿ 9% ಜಿಎಸ್‌ಟಿ ಸೇರಿದೆಯಾ, ಅರ್ಜಿ ಶುಲ್ಕ ವಾಪಸ್ ಬರುತ್ತದಾ ಕೇಳು. ಮಗುವಿನ ಡಿಫ್ತೀರಿಯಾ, ದಡಾರ ಲಸಿಕೆಯ ದಾಖಲೆ ತೆಗೆದಿಡು. ಹೊರದೇಶದಲ್ಲಿ ಹುಟ್ಟಿದ, 12 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿಗೆ ಸಿಂಗಪುರದಲ್ಲಿ ಉಳಿಯುವ ದೀರ್ಘಾವಧಿ ಪಾಸ್ ಸಿಗಲು ಅದು ಬೇಕೇ ಬೇಕು. ಲಸಿಕೆ ಕಾರ್ಡ್ ಸಿಗದಿದ್ದರೆ ಈ ವಾರವೇ ಡಾಕ್ಟರ ಹತ್ತಿರ ಹೋಗು.

ನಿನ್ನ
ಅಮ್ಮ