ಟ್ರೈನರ್‌ಗೆ ಮೊದಲು ಕಂಪ್ಯೂಟರನ್ನು ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಮನೆಯೊಳಗೆ ಸೈಕಲ್ ತುಳಿಯುವ ಸ್ಮಾರ್ಟ್ ಟ್ರೈನರ್‌ಗಳ ಕುರಿತ ಬರಹಗಳು ಅವುಗಳ ಸದ್ದು, ವ್ಯಾಟ್ ಮಾಪನದ ನಿಖರತೆ ಮುಂತಾದವನ್ನು ವಿವರವಾಗಿ ಚರ್ಚಿಸುತ್ತವೆಯಾದರೂ, ತುಳಿತಕ್ಕೆ ತಕ್ಕಂತೆ ಪರದೆಯ ಮೇಲೆ ರಸ್ತೆ ತೋರಿಸುವ ತಂತ್ರಾಂಶ ಓಡಬೇಕಾದ ಕಂಪ್ಯೂಟರಿನ ಬಗ್ಗೆ ಒಂದೆರಡು ಸಾಲಿಗಿಂತ ಹೆಚ್ಚು ಹೇಳುವುದು ಅಪರೂಪ. ನಾನೂ ಟ್ರೈನರ್ ತಂದ ಮೇಲೆಯೇ ಹಳೆಯ ಲ್ಯಾಪ್‌ಟಾಪನ್ನು ಪರೀಕ್ಷಿಸಿದವನು; ಅದಕ್ಕೆ ಬೇರೆ ಯಾರನ್ನೂ ದೂರಲಾರೆ.

ಪ್ರೊಸೆಸರ್ ಮತ್ತು ಮೆಮೊರಿ ನೋಡಿ ತೃಪ್ತರಾಗುವವರಿದ್ದಾರೆ. ಆದರೆ ಮೂರು ಆಯಾಮದ ರಸ್ತೆ, ಬೆಟ್ಟಗಳನ್ನು ಪರದೆಯ ಮೇಲೆ ಬಿಡಿಸುವ ಭಾರ ಬಹುಪಾಲು ಗ್ರಾಫಿಕ್ಸ್ ಚಿಪ್ಪಿನ ಮೇಲೆ ಬೀಳುತ್ತದೆ. ವಿಂಡೋಸ್‌ನಲ್ಲಿ ಡಿಎಕ್ಸ್‌ಡಯಾಗ್ (dxdiag) ಎಂಬ ಆದೇಶ ಕೊಟ್ಟರೆ ಆ ಚಿಪ್ಪಿನ ಹೆಸರು, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ದಿನಾಂಕ ತಿಳಿಯುತ್ತವೆ. ಅವನ್ನು ತಂತ್ರಾಂಶದ ಕನಿಷ್ಠ ಅಗತ್ಯಗಳೊಂದಿಗೆ ಹೋಲಿಸಬೇಕು.

ಇದಕ್ಕಿಂತ ಹೆಚ್ಚು ಕಾಡುವುದು ಸಂಪರ್ಕ. ಟ್ರೈನರ್‌ಗಳು ಬಳಸುವ ಬ್ಲೂಟೂತ್ ಲೋ ಎನರ್ಜಿ, ಬ್ಲೂಟೂತ್ 4.0 ಆವೃತ್ತಿಯೊಂದಿಗೆ ಬಂದದ್ದರಿಂದ, ಅದಕ್ಕಿಂತ ಹಳೆಯ ಬ್ಲೂಟೂತ್ ಇರುವ ಕಂಪ್ಯೂಟರಿಗೆ ಹೆಡ್‌ಫೋನ್ ಕೂಡಿಕೊಂಡರೂ ಟ್ರೈನರ್ ಕಾಣಿಸದು. ಟ್ರೈನರ್‌ಗಳ ಇನ್ನೊಂದು ನಿಸ್ತಂತು ಸಂಪರ್ಕ ವಿಧಾನವಾದ ಆ್ಯಂಟ್ ಪ್ಲಸ್‌ಗಾದರೆ ಸಾಮಾನ್ಯವಾಗಿ ಯುಎಸ್‌ಬಿ ಡಾಂಗಲ್ ಬೇಕು. ಎರಡೂ 2.4 ಗಿಗಾಹರ್ಟ್ಸ್ ತರಂಗಗಳನ್ನೇ ಬಳಸುವುದರಿಂದ ಮತ್ತು ಯುಎಸ್‌ಬಿ 3.0 ಸಾಧನಗಳೂ ಅದೇ ತರಂಗಪಟ್ಟಿಯಲ್ಲಿ ಗದ್ದಲ ಎಬ್ಬಿಸುವುದರಿಂದ, ಡಾಂಗಲನ್ನು ಉದ್ದನೆಯ ಕೇಬಲ್ ಮೂಲಕ ಟ್ರೈನರ್‌ನ ಸಮೀಪಕ್ಕೆ ತರುವುದು ಒಳಿತು. ಮೊಬೈಲ್ ಆ್ಯಪ್ ಮೊದಲೇ ಬ್ಲೂಟೂತ್ ಸಂಪರ್ಕವನ್ನು ಹಿಡಿದಿಟ್ಟುಕೊಂಡಿದ್ದರೆ ಕಂಪ್ಯೂಟರಿಗೆ ಟ್ರೈನರ್ ಸಿಗದೇ ಹೋಗಬಹುದು. ಪಾಪ, ಆಗ ಬೈಗುಳ ಮಾತ್ರ ಕಂಪ್ಯೂಟರಿಗೇ.

ಉಚಿತ ಪ್ರಯೋಗಾವಧಿ ಇರುವ ತಂತ್ರಾಂಶವನ್ನು ಟ್ರೈನರ್ ಕೊಳ್ಳುವ ಮುನ್ನವೇ ಸ್ಥಾಪಿಸಿ ಪರದೆಯ ದೃಶ್ಯ ತಡೆಯಿಲ್ಲದೆ ಓಡುತ್ತದೆಯೇ ಎಂದು ನೋಡಬಹುದು. ತಮ್ಮ ತಂತ್ರಜ್ಞಾನ ಪುಟದ ವಿಮರ್ಶೆಗಳಲ್ಲಿ ಈ ವಿವರಗಳಿಗೂ ಸ್ಥಳ ನೀಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ