ಜಾನ್ ಮರೆತುಹೋದ ಕೋಲು

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಅಂಗಡಿ ಹೇಗೆ ನಡೆಯುತ್ತಿದೆ? ಅಮ್ಮನ ಮಂಡಿ ನೋವು ಕಡಿಮೆ ಆಯ್ತಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಹೇಳಬೇಕಾದ ಇನ್ನೊಂದು ಮಾತಿದೆ, ಅದು ಫೋನಿನಲ್ಲಿ ನನ್ನ ಬಾಯಿಂದ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವಾರದಿಂದ ರಾತ್ರಿ ಊಟ ಆದ ಮೇಲೆ ‘ಷರ್ಲಾಕ್’ ನೋಡುತ್ತಿದ್ದೇನೆ. ಅದೇ ಕಣೋ, ಬಿಬಿಸಿಯ ಟೀವಿ ಸರಣಿ, ಪತ್ತೇದಾರ ಷರ್ಲಾಕ್ ಹೋಮ್ಸ್ ಆಗಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮತ್ತು ಅವನ ಗೆಳೆಯ ಡಾಕ್ಟರ್ ಜಾನ್ ವಾಟ್ಸನ್ ಆಗಿ ಮಾರ್ಟಿನ್ ಫ್ರೀಮನ್ ಇರೋದು. ಹಾಸ್ಟೆಲ್ಲಿನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಐದು ಜನ ಕೂತು, ಸಬ್‌ಟೈಟಲ್ ಹಾಕಿಕೊಂಡು ನೋಡಿದ್ದೆವಲ್ಲ. 2010ರಿಂದ 2017ರವರೆಗೆ ನಾಲ್ಕು ಸೀಸನ್, ಸೀಸನ್ನಿಗೆ ಮೂರೇ ಕಂತು, ಒಂದೊಂದೂ ಸುಮಾರು ಒಂದೂವರೆ ಗಂಟೆ. ನಡುವೆ ಒಂದು ವಿಶೇಷ ಕಂತು. ಆಗ ಕೊಲೆಗಾರ ಯಾರು ಅಂತ ಒದ್ದಾಡುತ್ತಿದ್ದೆವು. ಈ ಸಲ ಮೊದಲ ಕಂತು ಹಾಕುವಾಗಲೇ ಗೊತ್ತಿತ್ತು, ಆ ಟ್ಯಾಕ್ಸಿ ಓಡಿಸುವ ಮುದುಕನೇ ಅಂತ. ಆದರೂ ಎದ್ದುಹೋಗಲು ಮನಸ್ಸಾಗಲಿಲ್ಲ.

ಆಗ ನಾನು ಷರ್ಲಾಕ್ ಕಡೆ, ನೀನು ಜಾನ್ ಕಡೆ. ನೆನಪಿದೆಯಾ? ಮೆಸ್ಸಿನಲ್ಲಿ ಸಾಲಲ್ಲಿ ನಿಂತಾಗಲೂ ನಮ್ಮ ಜಗಳ ನಿಲ್ಲುತ್ತಿರಲಿಲ್ಲ. ಈ ಸಲ ನೀನು ಹೇಳಿದ್ದ ಹಾಗೆ ಜಾನ್‌ನನ್ನೇ ನೋಡಿಕೊಂಡು ಕೂತೆ.

ಮೊದಲ ಕಂತಿನ ಫೋನ್ ದೃಶ್ಯ ತಗೋ. ಟ್ಯಾಕ್ಸಿಯಲ್ಲಿ ಇಬ್ಬರೂ ಹೋಗುತ್ತಿದ್ದಾರೆ. ಜಾನ್ ಕೊಟ್ಟಿದ್ದ ಫೋನನ್ನು ನೋಡಿ ಷರ್ಲಾಕ್ ಅವನ ಮನೆಯ ಕತೆಯನ್ನೆಲ್ಲ ಹೇಳುತ್ತಾನೆ. ಚಾರ್ಜರ್ ಚುಚ್ಚುವ ಜಾಗದ ಸುತ್ತ ಗೀರುಗಳಿವೆ, ಅಂದರೆ ಫೋನಿನ ಹಳೇ ಒಡೆಯನ ಕೈ ರಾತ್ರಿ ಹೊತ್ತು ನಡುಗುತ್ತಿತ್ತು, ಅವನು ಕುಡುಕ ಅಂತ. ಇದು ಹೋಮ್ಸ್ ಕತೆಗಳ ಮೂಲ ಲೇಖಕ ಆರ್ಥರ್ ಕಾನನ್ ಡಾಯ್ಲ್ 1890ರಲ್ಲೇ ಬರೆದದ್ದು. ಅಲ್ಲಿ ಜೇಬುಗಡಿಯಾರ, ಕೀಲಿ ಕೊಡುವ ತೂತಿನ ಸುತ್ತ ಗೀರು, ಇಲ್ಲಿ ಮೊಬೈಲ್. ವಸ್ತು ಬದಲಾಯಿತು, ನಡುಗುವ ಕೈ ಹಾಗೇ ಉಳಿಯಿತು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ! ಆದರೆ ಈ ಸಲ ನಾನು ವಿಡಿಯೊ ನಿಲ್ಲಿಸಿದ್ದು ಅದರ ನಂತರ. ಜಾನ್‌ಗೆ ಸಿಟ್ಟು ಬರುವುದಿಲ್ಲ. ಅದ್ಭುತ ಅನ್ನುತ್ತಾನೆ, ಮನಸಾರೆ. ಆಗ ಷರ್ಲಾಕ್ ಮುಖ ನೋಡು. ಬೇರೆಯವರು ಬೈದು ಕಳಿಸುತ್ತಿದ್ದರಂತೆ. ಹೊಗಳಿದವನು ಇವನೇ ಮೊದಲು ಅಂತ ಆ ಮುಖವೇ ಹೇಳುತ್ತದೆ. ಅವತ್ತು ನನಗೆ ಇದು ಕಂಡಿರಲೇ ಇಲ್ಲ.

ಈ ಸರಣಿ ಹುಟ್ಟುಹಾಕಿದ ಸ್ಟೀವನ್ ಮೊಫಾಟ್, ಮಾರ್ಕ್ ಗ್ಯಾಟಿಸ್ ಇಬ್ಬರೂ ಡಾಯ್ಲ್ ಕತೆಗಳನ್ನು ಬಾಯಿಪಾಠ ಮಾಡಿಕೊಂಡವರ ಹಾಗೆ ಬರೆದಿದ್ದಾರೆ. 1887ರ ಮೊದಲ ಕಾದಂಬರಿಯಲ್ಲಿ ಗೋಡೆ ಮೇಲೆ ರಕ್ತದಲ್ಲಿ ‘ರಾಖೆ’ ಅಂತ ಬರೆದಿರುತ್ತದೆ. ಪೊಲೀಸರು ‘ರೇಚೆಲ್’ ಅನ್ನೋ ಹೆಸರು ಅರ್ಧಕ್ಕೇ ನಿಂತಿದೆ ಅಂದುಕೊಳ್ಳುತ್ತಾರೆ. ಹೋಮ್ಸ್ ಅದು ಜರ್ಮನ್ ಭಾಷೆಯಲ್ಲಿ ‘ಸೇಡು’ ಅಂತ ತಿದ್ದುತ್ತಾನೆ. ಟೀವಿಯಲ್ಲಿ ಪೂರ್ತಿ ಉಲ್ಟಾ. ಸೇಡು ಅಂದವನೇ ತಪ್ಪು, ರೇಚೆಲ್ಲೇ ಸರಿ. ಪುಸ್ತಕ ಓದಿದವನೂ ಮೋಸಹೋಗುತ್ತಾನೆ. ಆದರೆ ವಾಟ್ಸನ್ ವಿಷಯದಲ್ಲಿ ಏನನ್ನೂ ತಿರುಗಿಸಬೇಕಾಗಿ ಬರಲಿಲ್ಲ. ಪುಸ್ತಕದ ವಾಟ್ಸನ್ 1880ರಲ್ಲಿ ಅಫ್ಘಾನಿಸ್ತಾನದ ಮೈವಾಂದ್ ಯುದ್ಧದಲ್ಲಿ ಗಾಯಗೊಂಡ ಡಾಕ್ಟರ್. 2010ರ ಜಾನ್ ಕೂಡ ಅಫ್ಘಾನಿಸ್ತಾನದಿಂದಲೇ ವಾಪಸ್ ಬಂದವನು. 130 ವರ್ಷ ಕಳೆದರೂ ಯುದ್ಧದ ಜಾಗ ಬದಲಿಸಬೇಕಾಗಲಿಲ್ಲ ಅನ್ನೋದು ನೆನೆದರೆ ಸಂಕಟವಾಗುತ್ತದೆ.

ಇನ್ನು ಆ ಕೋಲು. ಜಾನ್ ಕುಂಟುತ್ತಾನೆ, ಆದರೆ ನೋವಿರುವುದು ಕಾಲಲ್ಲಲ್ಲ. ಹೋಟೆಲ್ಲಿನಲ್ಲಿ ಕೂತಿದ್ದವರು ಟ್ಯಾಕ್ಸಿಯ ಬೆನ್ನು ಹತ್ತಿ ಓಡುತ್ತಾರೆ, ಮಹಡಿಯಿಂದ ಮಹಡಿಗೆ ಹಾರುತ್ತಾರೆ. ಮನೆಗೆ ಬಂದು ಏದುಸಿರು ಬಿಡುತ್ತಾ ನಗುತ್ತಿರುವಾಗ ಯಾರೋ ಬಾಗಿಲು ಬಡಿಯುತ್ತಾರೆ. ಹೋಟೆಲ್ಲಿನವನು ಕೋಲು ಹಿಡಿದು ನಿಂತಿದ್ದಾನೆ. ಮರೆತು ಬಂದಿದ್ದೀರಿ ಅಂತ. ಕೋಲಿಲ್ಲದೆ ಅಷ್ಟು ದೂರ ಓಡಿ ಬಂದದ್ದು ಜಾನ್‌ಗೆ ಗೊತ್ತಾಗುವುದೇ ಆಗ. ಇದನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.

ಎಲ್ಲ ಕಂತೂ ಇಷ್ಟು ಗಟ್ಟಿಯಾಗಿಲ್ಲ. ಎರಡನೆಯದರಲ್ಲಿ ಚೀನೀಯರನ್ನು ತೋರಿಸಿದ ರೀತಿ ಆಗಲೂ ನನಗೆ ಹಿಡಿಸಿರಲಿಲ್ಲ, ಈಗಲೂ ಇಲ್ಲ. ಕೊನೇ ಸೀಸನ್ನಿನಲ್ಲಿ ಕತೆಗಿಂತ ಅಬ್ಬರವೇ ಜಾಸ್ತಿ. ಆದರೆ ಅವರಿಬ್ಬರ ಮನೆಯೊಡತಿ ಮಿಸೆಸ್ ಹಡ್ಸನ್ ಬಂದಾಗಲೆಲ್ಲ ಮನೆಗೆ ದೀಪ ಹಚ್ಚಿದ ಹಾಗೆ. ಆ ಪಾತ್ರ ಮಾಡಿದ ಊನಾ ಸ್ಟಬ್ಸ್ 2021ರಲ್ಲಿ ತೀರಿಕೊಂಡರು. ಬೆನೆಡಿಕ್ಟ್ ಚಿಕ್ಕ ಹುಡುಗ ಇದ್ದಾಗಿನಿಂದ ಅವರಿಗೆ ಪರಿಚಯವಂತೆ. ಅವರು ಗದರುವುದರಲ್ಲಿ ಆ ಸಲಿಗೆ ಕಾಣುತ್ತದೆ.

ಮೊನ್ನೆ ಎರಡನೇ ಸೀಸನ್ನಿನ ಕೊನೆ ಮುಗಿಸಿದೆ. ಷರ್ಲಾಕ್ ಆಸ್ಪತ್ರೆಯ ಮಾಳಿಗೆಯಿಂದ ಜಿಗಿಯುತ್ತಾನಲ್ಲ, ಅದು. ಸಮಾಧಿ ಮುಂದೆ ಜಾನ್ ನಿಂತು, ಸಾಯದೇ ಇರು, ನನಗೋಸ್ಕರ ಇದೊಂದು ಮಾಡು ಅಂತ ಬೇಡಿಕೊಳ್ಳುತ್ತಾನೆ. ಆಮೇಲೆ ಕಣ್ಣೊರೆಸಿಕೊಂಡು, ಸಿಪಾಯಿಯ ಹಾಗೆ ನೆಟ್ಟಗೆ ತಿರುಗಿ ನಡೆದುಬಿಡುತ್ತಾನೆ. ದೂರದಲ್ಲಿ ಷರ್ಲಾಕ್ ಜೀವಂತವಾಗಿ ನಿಂತು ನೋಡುತ್ತಿರುತ್ತಾನೆ. ಅವತ್ತು ಅವನನ್ನು ಕಂಡ ಕೂಡಲೇ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ನೀನೊಬ್ಬ ತಟ್ಟಲಿಲ್ಲ. “ಇವನು ಹೋಗಿ ಒಂದು ಮಾತು ಹೇಳಬಾರದಾ?” ಅಂದಿದ್ದೆ. ಈ ಸಲ ನನಗೂ ಚಪ್ಪಾಳೆ ತಟ್ಟಲಾಗಲಿಲ್ಲ.

ಪುಸ್ತಕದಲ್ಲಿ ಹೋಮ್ಸ್ ಮೂರು ವರ್ಷದ ಮೇಲೆ ಪುಸ್ತಕ ಮಾರುವ ಮುದುಕನ ವೇಷದಲ್ಲಿ ಬರುತ್ತಾನೆ. ವಾಟ್ಸನ್ ಮೂರ್ಛೆ ಹೋಗಿ ಎದ್ದವನೇ ಖುಷಿಯಲ್ಲಿ ಎಲ್ಲ ಮರೆತುಬಿಡುತ್ತಾನೆ. ಟೀವಿಯ ಜಾನ್ ಹಾಗಲ್ಲ. ಎರಡು ವರ್ಷ ಅತ್ತವನು ಅವನು. ಷರ್ಲಾಕ್ ಮೀಸೆ ಬರೆದುಕೊಂಡು, ಹೋಟೆಲ್ ಮಾಣಿಯ ವೇಷದಲ್ಲಿ ತಮಾಷೆ ಮಾಡುತ್ತಾ ಬಂದರೆ ಕುತ್ತಿಗೆಗೇ ಕೈ ಹಾಕುತ್ತಾನೆ. ಅಲ್ಲಿಂದ ಹೊರದಬ್ಬಿಸಿಕೊಂಡು ಇನ್ನೊಂದು ಕಡೆ, ಅಲ್ಲಿಂದ ಮತ್ತೊಂದು ಕಡೆ, ಮತ್ತೆ ಹೊಡೆತ. ನನಗೆ ಡಾಯ್ಲ್ ಬರೆದದ್ದಕ್ಕಿಂತ ಇದೇ ನಿಜ ಅನ್ನಿಸಿತು. ಅಷ್ಟು ಸಿಟ್ಟು ಬರಬೇಕಾದರೆ ಅಷ್ಟು ಪ್ರೀತಿ ಇರಬೇಕು.

ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೆ ಅಂತ ನಿನಗೆ ಗೊತ್ತು. ಅಪ್ಪ ಹೋದ ಮೇಲೆ ನಾನು ನಂಬರ್ ಬದಲಿಸಿ ಒಂದೂವರೆ ವರ್ಷ ಯಾರಿಗೂ ಸಿಗಲಿಲ್ಲ. ನಿನಗೂ. ಆಮೇಲೆ ಒಂದು ದಿನ ಸುಮ್ನೆ ಸ್ವೀಟಿನ ಪೊಟ್ಟಣ ಹಿಡಿದು ಅಂಗಡಿಗೆ ಬಂದೆ, ಏನೂ ಆಗದವನ ಹಾಗೆ. ನೀನು ಪೊಟ್ಟಣ ಮುಟ್ಟಲಿಲ್ಲ. ಗಿರಾಕಿಗಳ ಎದುರೇ “ಬದುಕಿದ್ದೀಯಾ ಅಂತ ನಿಮ್ಮೂರಿನವರನ್ನೆಲ್ಲ ಕೇಳಿದೆ ಕಣೋ” ಅಂದೆ. ನಿನ್ನ ಕೈ ನಡುಗುತ್ತಿತ್ತು. ಅವತ್ತು ನನಗೆ ಬೇಜಾರಾಗಿತ್ತು, ಇಷ್ಟಕ್ಕೆಲ್ಲ ಎಲ್ಲರ ಮುಂದೆ ಬೈಯಬೇಕಾ ಅಂತ. ಆಮೇಲೆ ನಾವಿಬ್ಬರೂ ಆ ಮಾತೇ ಎತ್ತಲಿಲ್ಲ. ನಾನು ಕ್ಷಮೆ ಕೇಳಿರಲೂ ಇಲ್ಲ. ಈಗ ಕೇಳುತ್ತಿದ್ದೇನೆ. ತಪ್ಪಾಯ್ತು.

ಮೂರನೇ ಸೀಸನ್ನಿನ ಎರಡನೇ ಕಂತು ಇನ್ನೂ ಹಾಕಿಲ್ಲ. ಜಾನ್ ಮದುವೆಯಲ್ಲಿ ಷರ್ಲಾಕ್ ಭಾಷಣ ಮಾಡುವುದು. ಭಾನುವಾರ ಅಂಗಡಿ ಅರ್ಧ ದಿನ ತಾನೇ? ಅಮ್ಮನನ್ನೂ ಕರೆದುಕೊಂಡು ಬಾ. ಅದನ್ನು ನಿನ್ನ ಜೊತೆಗೇ ನೋಡಬೇಕು.

ನಿನ್ನ ಗೆಳೆಯ